ಕ್ಲಚ್ಚು ಬೇಕಾ, ಪ್ಯಾಡಲ್ ಸಾಕಾ: ಅಕ್ಕನ ಮಗನ ಕಾರಿನ ಪಂಚಾಯ್ತಿ

ಕ್ಲಚ್ ತುಳಿದು ಲಿವರಿನಿಂದ ಗೇರ್ ಹಾಕೋ ಮ್ಯಾನ್ಯುವಲ್ ಕಾರು ಫಾಸ್ಟಾ, ಬೆರಳಲ್ಲಿ ಪ್ಯಾಡಲ್ ಎಳೆದು ಗೇರ್ ಬದಲಿಸೋ ಪ್ಯಾಡಲ್ ಶಿಫ್ಟ್ ಫಾಸ್ಟಾ ಅನ್ನುವ ಜಗಳ ಇತ್ಯರ್ಥವಾಗಿ ಮೂವತ್ತೈದು ವರ್ಷ ದಾಟಿತು. 1989ರ ಮಾರ್ಚ್‌ನಲ್ಲಿ ರಿಯೊ ಡಿ ಜನೈರೊದ ಫಾರ್ಮುಲಾ 1 ರೇಸಿಗೆ ಫೆರಾರಿಯವರು ಹೊಸ ಕಾರು ತಂದರು. ಅದರಲ್ಲಿ ಗೇರ್ ಲಿವರ್ ಇರಲಿಲ್ಲ. ಸ್ಟೇರಿಂಗ್ ಹಿಂದೆ ಎರಡು ಪ್ಯಾಡಲ್, ಒಂದು ಗೇರ್ ಏರಿಸೋಕೆ, ಇನ್ನೊಂದು ಇಳಿಸೋಕೆ. ಜಾನ್ ಬಾರ್ನಾರ್ಡ್ ವಿನ್ಯಾಸ ಮಾಡಿದ ಆ ಕಾರು ಟೆಸ್ಟಿಂಗಿನಲ್ಲಿ ಪದೇ ಪದೇ ಕೈಕೊಟ್ಟು, ರೇಸ್ ಮುಗಿಸುತ್ತದೆ ಎಂಬ ಭರವಸೆ ತಂಡದೊಳಗೇ ಇರಲಿಲ್ಲ. ತಂಡದ ಡ್ರೈವರ್ ನೈಜೆಲ್ ಮ್ಯಾನ್ಸೆಲ್ ಅದೇ ಕಾರಿನಲ್ಲಿ ಗೆದ್ದ.

ಮ್ಯಾನ್ಯುವಲ್ ಭಕ್ತರು ಇದಕ್ಕೆ ಉತ್ತರವಾಗಿ 1991ರ ಬ್ರೆಜಿಲ್ ರೇಸಿನ ಕಥೆ ತೆಗೆಯುತ್ತಾರೆ. ಐರ್ಟನ್ ಸೆನ್ನಾನ ಲಿವರ್ ಗೇರಿನ ಮೆಕ್ಲಾರೆನ್‌ನಲ್ಲಿ ಗೇರುಗಳು ಕೈಕೊಡುತ್ತ ಬಂದು, ಕೊನೆಗೆ ಆರನೆಯದೊಂದೇ ಉಳಿದರೂ ಆತ ಗೆದ್ದ. ಟ್ರೋಫಿ ಎತ್ತೋಕೆ ತೋಳಿನಲ್ಲಿ ತ್ರಾಣ ಇರಲಿಲ್ಲ. ಅದೇ ರೇಸಿನಲ್ಲಿ ಮ್ಯಾನ್ಸೆಲ್‌ನ ಸೆಮಿ-ಆಟೊಮ್ಯಾಟಿಕ್ (ಪ್ಯಾಡಲ್ ಗೇರಿನ) ವಿಲಿಯಮ್ಸ್ ಕಾರು ಗೇರ್‌ಬಾಕ್ಸ್ ಕೆಟ್ಟು ನಿಂತಿತು ಅನ್ನೋದನ್ನೂ ಮರೆಯದೆ ಸೇರಿಸುತ್ತಾರೆ. ಸೇರಿಸದೆ ನುಂಗಿಕೊಳ್ಳೋ ಮಾತು ಒಂದಿದೆ: ಕೈಯಿಂದ ಗೇರ್ ಹಾಕಿ ಫಾರ್ಮುಲಾ 1 ಚಾಂಪಿಯನ್‌ಶಿಪ್ ಗೆದ್ದ ಕೊನೆಯ ಕಾರು ಅದೇ ವರ್ಷದ ಮೆಕ್ಲಾರೆನ್. ಆಮೇಲೆ ಒಂದೂ ಇಲ್ಲ.

ಹಾಗಾಗಿ ಯಾರಾದರೂ "ಯಾವುದು ಫಾಸ್ಟು" ಅಂತ ಕೇಳಿದರೆ ನಾನು ಚರ್ಚೆಗೆ ಕೂರುವುದಿಲ್ಲ. ಕೇಳಿದ್ದು ಅಕ್ಕನ ಮಗ ಅಂದಾಗ ಮಾತ್ರ ಬೇರೆ ದಾರಿ ಇರಲಿಲ್ಲ. ಅವನ ದೃಷ್ಟಿಯಲ್ಲಿ ನಾನು ಗೇರಿನ ಪಂಡಿತ. ಪೀಣ್ಯ ಸೆಕೆಂಡ್ ಸ್ಟೇಜಿನ ಶೆಡ್ಡೊಂದರಲ್ಲಿ ಗೇರ್ ಕೊಯ್ಯೋದು ನನ್ನ ಕಸುಬು. ಹಾಬಿಂಗ್ ಮಷಿನ್ನಿನ ಕೂಲೆಂಟ್ ವಾಸನೆ ಭಾನುವಾರವೂ ನನ್ನ ಶರಟಿನಿಂದ ಹೋಗುವುದಿಲ್ಲ ಅಂತ ಮನೆಯವಳ ದೂರು. ಗೇರ್ ಕೊಯ್ಯೋದಕ್ಕೂ ಗೇರ್ ಬದಲಿಸೋದಕ್ಕೂ ಸಂಬಂಧ ಕಮ್ಮಿ, ಆದರೆ ನಂಟರಿಗೆ ಅದೆಲ್ಲ ಬೇಕಿಲ್ಲ.

"ಮಾಮ, ಡಿಎಸ್‌ಜಿ ತಗೊಳ್ಲಾ, ಮ್ಯಾನ್ಯುವಲ್ ತಗೊಳ್ಲಾ? ಪರ್ಫಾರ್ಮೆನ್ಸ್ ಡ್ರೈವಿಂಗ್‌ಗೆ ಯಾವ್ದು ಸರಿ?"

"ಎಲ್ಲಿ ಮಾಡ್ತೀಯೋ ಪರ್ಫಾರ್ಮೆನ್ಸು? ಬೆಳ್ಳಂದೂರು ಸಿಗ್ನಲ್ಲಲ್ಲಾ?"

"ಸೀರಿಯಸ್ಸಾಗಿ ಹೇಳಿ ಮಾಮ."

ಡಿಎಸ್‌ಜಿ ಅಂದರೆ ಫೋಕ್ಸ್‌ವ್ಯಾಗನ್‌ನವರ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಪ್ಯಾಡಲ್ ಇರೋದು ಅದಕ್ಕೆ. ಅವನು ನೋಡಿಟ್ಟಿದ್ದು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. ಡಿಎಸ್‌ಜಿ, ಮ್ಯಾನ್ಯುವಲ್ ಎರಡೂ 1.5 ಲೀಟರ್ ಟರ್ಬೊ, ಎರಡಕ್ಕೂ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್, ಅಂದರೆ ತಿರುಗಿಸೋ ಬಲ. 2022ರಲ್ಲಿ ಕಾರು ಬಂದಾಗ ಈ ಇಂಜಿನ್ನಿಗೆ ಏಳು ಗೇರಿನ ಡಿಎಸ್‌ಜಿ ಮಾತ್ರ ಇತ್ತು. ಮುಂದಿನ ವರ್ಷ ಆರು ಗೇರಿನ ಮ್ಯಾನ್ಯುವಲ್ಲೂ ಸೇರಿತು. ಒಂದೇ ಬಾಡಿ, ಒಂದೇ ಇಂಜಿನ್, ಗೇರ್‌ಬಾಕ್ಸ್ ಮಾತ್ರ ಬೇರೆ. ಈ ಪ್ರಶ್ನೆ ಇತ್ಯರ್ಥ ಮಾಡೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗೋದು ಕಷ್ಟ.

ಡಿಎಸ್‌ಜಿ ಬಿಚ್ಚಿ ನೋಡಿದವನಿಗೆ ಅದರ ಮೇಲೆ ಗೌರವ ಬಾರದೆ ಇರೋಕೆ ಸಾಧ್ಯವಿಲ್ಲ. ಒಳಗೆ ಎರಡು ಕ್ಲಚ್, ಎರಡು ಇನ್‌ಪುಟ್ ಶಾಫ್ಟ್. ಒಂದು ಶಾಫ್ಟ್ ಟೊಳ್ಳು, ಇನ್ನೊಂದು ಅದರೊಳಗೆ ತೂರಿರುತ್ತದೆ. 1, 3, 5, 7 ಒಂದು ಕ್ಲಚ್ಚಿಗೆ. 2, 4, 6 ಮತ್ತು ರಿವರ್ಸ್ ಇನ್ನೊಂದಕ್ಕೆ. ಕಾರು ಮೂರರಲ್ಲಿ ಎಳೀತಾ ಇರುವಾಗಲೇ ನಾಲ್ಕನೆಯದು ಹಲ್ಲು ಕಚ್ಚಿ ತಯಾರಾಗಿರುತ್ತದೆ. ಪ್ಯಾಡಲ್ ಎಳೆದರೆ ಒಂದು ಕ್ಲಚ್ ಬಿಡುತ್ತ ಇನ್ನೊಂದು ಹಿಡಿಯುತ್ತದೆ, ಎಳೆತ ಕಡಿಯುವುದೇ ಇಲ್ಲ. ಪೋರ್ಷೆ ಇದನ್ನು 1980ರ ದಶಕದಲ್ಲೇ 962 ರೇಸ್ ಕಾರಿನಲ್ಲಿ ಓಡಿಸಿತ್ತು. ರಸ್ತೆ ಕಾರಿಗೆ ಮೊದಲು ಬಂದದ್ದು 2003ರ ಗಾಲ್ಫ್ ಆರ್32ರಲ್ಲಿ.

ಮ್ಯಾನ್ಯುವಲ್‌ನಲ್ಲಿ ಸಾಧಾರಣ ಡ್ರೈವರು ಒಂದು ಗೇರ್ ಏರಿಸೋಕೆ ಅರ್ಧ ಸೆಕೆಂಡ್ ತಗೊಂಡ ಅಂತಿಟ್ಟುಕೊಳ್ಳಿ. ನೂರರ ವೇಗದಲ್ಲಿ ಅದು ಸುಮಾರು 14 ಮೀಟರ್. ಅಷ್ಟು ದೂರ ಇಂಜಿನ್ ಇದ್ದೂ ಇಲ್ಲದ ಲೆಕ್ಕ, ಕಾರು ಸುಮ್ಮನೆ ಉರುಳುತ್ತದೆ. ಟರ್ಬೊ ಕಾರಾದರೆ ಟರ್ಬೊ ತುಂಬೋ ಗಾಳಿಯ ಒತ್ತಡ, ಅಂದರೆ ಬೂಸ್ಟೂ ಅಷ್ಟಿಷ್ಟು ಇಳಿದಿರುತ್ತದೆ. ಇಷ್ಟು ಸಾಲದು ಅಂತ ಈಗಿನ ಇಂಜಿನ್ನುಗಳಿಗೆ ಮಾಲಿನ್ಯ ನಿಯಮದ ಟ್ಯೂನಿಂಗ್ ಕಾರಣಕ್ಕೆ ಇನ್ನೊಂದು ಚಾಳಿ: ಕ್ಲಚ್ ತುಳಿದ ಮೇಲೂ ಆರ್‌ಪಿಎಂ, ಅಂದರೆ ಇಂಜಿನ್ ತಿರುಗೋ ವೇಗ, ಒಂದು ಗಳಿಗೆ ಮೇಲೇ ತೇಲಿಕೊಂಡಿರುತ್ತದೆ. ಅವಸರದಲ್ಲಿ ಕ್ಲಚ್ ಬಿಟ್ಟರೆ ಜರ್ಕ್ ಹೊಡೆಯುತ್ತದೆ, ಕಾದರೆ ಹೊತ್ತು ಹೋಗುತ್ತದೆ.

ಆದರೆ ಇದು ನೇರ ರಸ್ತೆಯ ಲೆಕ್ಕ. ನಿಜವಾದ ವ್ಯತ್ಯಾಸ ಗೊತ್ತಾಗೋದು ಗೇರ್ ಇಳಿಸುವಾಗ.

ಟ್ರ್ಯಾಕಿನಲ್ಲಿ 140ರಲ್ಲಿ ಬಂದು ತಿರುವಿಗೆ 60ಕ್ಕೆ ಇಳಿಸಬೇಕು ಅಂದರೆ ಒಳ್ಳೆ ಟೈರಿದ್ದರೆ ಬ್ರೇಕಿಂಗ್ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಆ ಎರಡೂವರೆ ಸೆಕೆಂಡಿನಲ್ಲಿ ಮ್ಯಾನ್ಯುವಲ್ ಡ್ರೈವರಿನ ಕೆಲಸಗಳನ್ನು ನೋಡಿ. ಬಲಪಾದದ ಮುಂಭಾಗ ಬ್ರೇಕಿನ ಮೇಲೆ ಗಟ್ಟಿಯಾಗಿ, ಒತ್ತಡ ಒಂದಿಷ್ಟೂ ಏರುಪೇರಾಗದಂತೆ. ಎಡಗಾಲು ಕ್ಲಚ್ ತುಳಿಯಬೇಕು. ಅದೇ ಬಲಪಾದದ ಅಂಚನ್ನು ಹೊರಳಿಸಿ ಆಕ್ಸಿಲರೇಟರನ್ನು ಒಮ್ಮೆ ಕುಟ್ಟಿ ಇಂಜಿನ್ ವೇಗ ಏರಿಸಬೇಕು, ಇಲ್ಲದಿದ್ದರೆ ಕ್ಲಚ್ ಬಿಟ್ಟ ತಕ್ಷಣ ಚಕ್ರ ತಡವರಿಸುತ್ತದೆ. ಎಡಗೈ ಐದರಿಂದ ನಾಲ್ಕು, ನಾಲ್ಕರಿಂದ ಮೂರು. ಬಲಗೈ ಒಂದೇ ಸ್ಟೇರಿಂಗ್ ಮೇಲೆ. ಕಣ್ಣು ತಿರುವಿನ ಒಳಮೂಲೆಯ ಮೇಲೆ. ಹೀಲ್ ಅಂಡ್ ಟೋ ಅನ್ನೋ ಈ ವಿದ್ಯೆ ಕೈಗೆ, ಅಲ್ಲ ಕಾಲಿಗೆ, ಬಂದ ದಿನದ ಖುಷಿ ದೊಡ್ಡದು, ಒಪ್ಪುತ್ತೇನೆ. ಆದರೆ ಬರೋ ತನಕ ಅದೊಂದೇ ತಲೆಯಲ್ಲಿ ಕೂತಿರುತ್ತದೆ. ಬ್ರೇಕ್ ಎಲ್ಲಿ ಹಿಡಿದೆ, ಎಲ್ಲಿ ಬಿಟ್ಟೆ, ಕಾರು ಯಾವ ಸಾಲಿನಲ್ಲಿ ಹೋಯಿತು, ಯಾವುದೂ ನೆನಪಿರುವುದಿಲ್ಲ.

ಪ್ಯಾಡಲ್ ಕಾರಿನಲ್ಲಿ ಈ ಎಲ್ಲ ಕೆಲಸಕ್ಕೆ ಎಡಗೈಯ ಎರಡು ಬೆರಳು ಸಾಕು. ಎರಡು ಸಲ ಎಳೆದರೆ ಕಂಪ್ಯೂಟರೇ ಇಂಜಿನ್ ವೇಗ ಹೊಂದಿಸಿಕೊಂಡು ಗೇರ್ ಇಳಿಸುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲೇ, ಮನಸ್ಸು ಬ್ರೇಕಿನ ಮೇಲೆ. ಅದಕ್ಕೇ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ, ಶ್ರೀಪೆರಂಬದೂರು ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೋ ಮೊದಲ ಸಲ ಹೋಗುವವನಿಗೆ ಪ್ಯಾಡಲ್ ಕಾರೇ ಒಳ್ಳೆ ಮೇಷ್ಟ್ರು ಅಂತ ನನ್ನ ವಾದ. "ಮೊದಲು ಮ್ಯಾನ್ಯುವಲ್ ಕಲಿ, ಆಮೇಲೆ ಉಳಿದದ್ದು" ಅನ್ನೋ ಹಿರಿಯರ ಮಾತು ಲೈಸೆನ್ಸಿಗೆ ಸರಿ, ಟ್ರ್ಯಾಕಿಗೆ ಉಲ್ಟಾ. ಇನ್ನೂ ಹಿಂದಕ್ಕೆ ಹೋದರೆ ಗೇರೇ ಇಲ್ಲದ ಗೋ-ಕಾರ್ಟಿನಿಂದ ಶುರು ಮಾಡಬೇಕು. ಹೆಣ್ಣೂರು-ಬಾಗಲೂರು ರಸ್ತೆ ಕಡೆ ಮೆಕೊ ಕಾರ್ಟೋಪಿಯಾ ಇದೆ. ಎಡಗಾಲಿನ ಬ್ರೇಕು, ಬಲಗಾಲಿನ ಆಕ್ಸಿಲರೇಟರು, ಬೇರೇನಿಲ್ಲ. ತಿರುವಿನ ಸಾಲು ಅಲ್ಲಿ ಕಲಿತಷ್ಟು ಸಲೀಸಾಗಿ ಯಾವ ಜಿಟಿಯಲ್ಲೂ ಕಲಿಯೋಕಾಗಲ್ಲ.

ಇಂಜಿನ್ ಉಳಿಸುವುದರಲ್ಲೂ ಪ್ಯಾಡಲ್ಲೇ ಮೇಲು. ಮ್ಯಾನ್ಯುವಲ್‌ನಲ್ಲಿ ಮೂರನೇ ಗೇರಲ್ಲಿ ಆರು ಸಾವಿರ ತಿರುಗಿಸಿ ನಾಲ್ಕಕ್ಕೆ ಎಳೆಯುವ ಭರದಲ್ಲಿ ಲಿವರ್ ಎಡಕ್ಕೆ ವಾಲಿ ಎರಡಕ್ಕೆ ಕೂತರೆ? ಎರಡು-ಮೂರರ ನಡುವಿನ ಅನುಪಾತ ಒಂದೂವರೆ ಅಂತಿಟ್ಟರೂ ಇಂಜಿನ್ ಒಂಬತ್ತು ಸಾವಿರಕ್ಕೆ ಹಾರುತ್ತದೆ. ಇಂಜಿನ್ ಮಿತಿ ಮೀರಿ ತಿರುಗದಂತೆ ತಡೆಯೋ ರೆವ್ ಲಿಮಿಟರ್ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಪೆಟ್ರೋಲ್ ನಿಲ್ಲಿಸಿದರೂ ತಿರುಗಿಸುತ್ತಿರೋದು ಚಕ್ರ. ವಾಲ್ವು ಪಿಸ್ಟನ್ನಿಗೆ ತಾಗಿದರೆ ಬಿಲ್ ನೋಡೋಕೆ ಕೂತುಕೊಂಡೇ ಇರಬೇಕು. ಅದೇ ಕೋರಿಕೆಯನ್ನು ಡಿಎಸ್‌ಜಿ ಮುಂದೆ ಇಟ್ಟರೆ ತಳ್ಳಿಹಾಕುತ್ತದೆ.

ಇಷ್ಟು ಹೊತ್ತಿಗೆ ಹುಡುಗನ ಮುಖ ಅರಳಿತ್ತು. "ಹಾಗಾದ್ರೆ ಡಿಎಸ್‌ಜಿನೇ ಅಂತೀರಾ ಮಾಮ?"

"ಇಲ್ಲ ಕಣೋ. ಮ್ಯಾನ್ಯುವಲ್ ತಗೋ."

ಯಾಕೆಂದರೆ ಇವನು ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋದರೆ ಹೆಚ್ಚು. ಉಳಿದಂತೆ ಇವನ ಪರ್ಫಾರ್ಮೆನ್ಸ್ ಎಲ್ಲ ಗೆಳೆಯರ ಜೊತೆ ನೆಲಮಂಗಲ ದಾಟಿ ಚಿಕ್ಕಮಗಳೂರು, ಬಾಳೆಹೊನ್ನೂರು, ಕುದುರೆಮುಖದ ಕಡೆ. ನಂದಿ ಬೆಟ್ಟ ಬಿಡಿ, ಭಾನುವಾರ ಬೆಳಗ್ಗೆ ಅಲ್ಲಿ ಬುಡದಲ್ಲೇ ಗಾಡಿ ಸಾಲು. ಘಾಟಿಯಲ್ಲಿ ಕಾರು ಓಡಿಸೋದು ನಲವತ್ತರಿಂದ ಅರವತ್ತರಲ್ಲಿ, ಓಡಿಸಬೇಕಾದದ್ದೂ ಅಷ್ಟರಲ್ಲೇ. ತಿರುವಿನಾಚೆ ಕೆಎಸ್ಸಾರ್ಟಿಸಿ ಬಸ್ಸೋ, ಕಾಫಿ ತೋಟದ ಜೀಪೋ, ರಸ್ತೆ ಮಧ್ಯೆ ನಿಂತ ಎಮ್ಮೆಯೋ ಗೊತ್ತಿಲ್ಲ. ಆ ವೇಗದಲ್ಲಿ ಡಿಎಸ್‌ಜಿಗೆ ಮಾಡೋಕೆ ಏನೂ ಕೆಲಸವಿಲ್ಲ. ಎರಡು, ಮೂರು, ಎರಡು, ಮೂರು. ಎಲ್ಲವೂ ತಾನಾಗೇ ಸರಾಗ. ಅದರ ಸಾಮರ್ಥ್ಯ ಕಾಣೋಕೆ ಶುರುವಾಗೋದು ನೂರರ ಆಚೆ, ಅಂದರೆ ನಮ್ಮ ಲೈಸೆನ್ಸ್ ಹೋಗೋ ಜಾಗದಲ್ಲಿ.

ಮ್ಯಾನ್ಯುವಲ್ ಹಾಗಲ್ಲ, ನಲವತ್ತರಲ್ಲೇ ಮೈತುಂಬ ಕೆಲಸ ಕೊಡುತ್ತದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ನುಗಳನ್ನು ಸೋಮೇಶ್ವರದಿಂದ ಹತ್ತುವಾಗ ಪ್ರತಿ ತಿರುವಿಗೂ ಮುಂಚೆ ಎರಡಕ್ಕೆ ಇಳಿಸಿ, ಆ ಒಂದು ಕುಟ್ಟು ಸರಿಯಾಗಿ ಬಿದ್ದು, ಕ್ಲಚ್ ಬಿಟ್ಟದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗದಿದ್ದರೆ ಅದೊಂದು ಸುಖ. ಸ್ಪೀಡೋಮೀಟರ್ ಮೂವತ್ತೈದು ತೋರಿಸುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ನಮ್ಮಮ್ಮ ನಿದ್ದೆಯಿಂದ ಏಳದಿದ್ದರೆ ನನಗೆ ಅದೇ ಲ್ಯಾಪ್ ಟೈಮು. ಗೇರ್ ಕೊಯ್ಯುವವನಾಗಿ ಇನ್ನೊಂದು ಮಾತು: ಲಿವರ್ ತಳ್ಳುವಾಗ ಅಂಗೈಗೆ ಬರೋ ಆ ಸಣ್ಣ ತಡೆ, ಸಿಂಕ್ರೊನೈಸರಿನ ಉಂಗುರ ಗೇರಿನ ಕೋನಿಗೆ ಉಜ್ಜಿಕೊಂಡು ಎರಡರ ವೇಗ ಹೊಂದಿಸುತ್ತಿರೋ ಗಳಿಗೆ. ಅದನ್ನು ಕೈಯಲ್ಲಿ ಹಿಡಿದು ನೋಡೋ ಅವಕಾಶ ಬೇರೆ ಯಾವ ಗೇರ್‌ಬಾಕ್ಸೂ ಕೊಡೋದಿಲ್ಲ.

ನಾನೊಬ್ಬನೇ ಹೀಗೆ ಯೋಚಿಸೋದು ಅಂದುಕೊಂಡರೆ ಪೋರ್ಷೆಯವರ ಪಾಡು ಕೇಳಿ. 2013ರಲ್ಲಿ 911 ಜಿಟಿ3ಯನ್ನು ಪಿಡಿಕೆ ಅನ್ನೋ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಮಾತ್ರ ತಂದರು. ಅದೇ ಫಾಸ್ಟು, ಮಾತೇ ಇಲ್ಲ. ಕೊಳ್ಳುವವರು ಗಲಾಟೆ ಎಬ್ಬಿಸಿದರು. 2016ರಲ್ಲಿ ಮ್ಯಾನ್ಯುವಲ್ ಮಾತ್ರ ಇದ್ದ 911 ಆರ್ ಬಂತು, ಮಾಡಿದ್ದು 991 ಕಾರು. ಮರುವರ್ಷ ಜಿಟಿ3ಗೂ ಮೂರನೇ ಪೆಡಲ್, ಅಂದರೆ ಕ್ಲಚ್ಚು, ವಾಪಸ್ಸಾಯಿತು. ಬಿಎಂಡಬ್ಲ್ಯು ಎಂ2 2023ರಲ್ಲಿ ಭಾರತಕ್ಕೂ ಮ್ಯಾನ್ಯುವಲ್ ಆಯ್ಕೆಯೊಂದಿಗೆ ಬಂತು. ಆಗ ಕಂಪನಿಯೇ ಹೇಳಿದ ಪ್ರಕಾರ ನೂರು ಮುಟ್ಟೋಕೆ ಆಟೊಮ್ಯಾಟಿಕ್ಕಿಗೆ 4.1 ಸೆಕೆಂಡ್, ಮ್ಯಾನ್ಯುವಲ್‌ಗೆ 4.3. ಕೋಟಿ ಹತ್ತಿರ ದುಡ್ಡು ಕೊಟ್ಟು ನಿಧಾನದ್ದನ್ನೇ ಆರಿಸಿಕೊಳ್ಳೋ ಜನ ಇದ್ದಾರೆ, ಅವರಿಗೆ ಲೆಕ್ಕ ಬರೋದಿಲ್ಲ ಅಂತಲ್ಲ. ವಿಶ್ವ ರ್‍ಯಾಲಿಯಲ್ಲಂತೂ 2022ರ ಹೊಸ ಕಾರುಗಳಿಂದ ಪ್ಯಾಡಲ್ ಕಿತ್ತುಹಾಕಿ, ಹಿಂದಕ್ಕೆ ಮುಂದಕ್ಕೆ ಎಳೆಯೋ ಲಿವರ್ ಮತ್ತೆ ತಂದರು. ಅದು ನಮ್ಮ ಎಚ್ ಮಾದರಿಯ ಗೇರಲ್ಲ, ಒಂದಾದ ಮೇಲೊಂದು ಗೇರ್ ಬರೋ ಸೀಕ್ವೆನ್ಶಿಯಲ್, ನಿಜ. ಆದರೂ ಒಂದು ಕೈ ಸ್ಟೇರಿಂಗ್ ಬಿಡಲೇಬೇಕು.

ಈಗ ಬೆಂಗಳೂರಿನ ಟ್ರಾಫಿಕ್ ವಾದ. ಇದನ್ನು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ: ಟ್ರಾಫಿಕ್ಕಿಗೆ ಆಟೊಮ್ಯಾಟಿಕ್. ಯಾವ ಆಟೊಮ್ಯಾಟಿಕ್ ಅಂತ ಯಾರೂ ಕೇಳೋದಿಲ್ಲ. ಇವನು ನೋಡಿದ ಕಾರಿನ ಡಿಎಸ್‌ಜಿಯಲ್ಲಿರೋದು ಡ್ರೈ ಕ್ಲಚ್, ತಂಪು ಮಾಡೋಕೆ ಎಣ್ಣೆಯಿಲ್ಲ. ಅದು ತಾಳಬಲ್ಲ ಟಾರ್ಕ್ ಮಿತಿ 250 ಎನ್‌ಎಂ, ಇಂಜಿನ್ ಕೊಡೋದೂ ಅಷ್ಟೇ. ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿ ತನಕ ಅಡಿ ಅಡಿಯಾಗಿ ತೆವಳುವಾಗ ಆ ಕ್ಲಚ್ ಪೂರ್ತಿ ಹಿಡಿಯೋದೂ ಇಲ್ಲ, ಪೂರ್ತಿ ಬಿಡೋದೂ ಇಲ್ಲ. ಉಜ್ಜಿ ಉಜ್ಜಿ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಮ್ಯಾನ್ಯುವಲ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಸವೆಸಿದವನಿಗೆ ತನ್ನ ಕಾಲೇ ಕಾರಣ ಅಂತ ಗೊತ್ತಿರುತ್ತದೆ, ಇಲ್ಲಿ ಕಂಪ್ಯೂಟರ್ ನಿಮ್ಮ ಪರವಾಗಿ ಸವೆಸುತ್ತದೆ. ದಿನವಿಡೀ ಔಟರ್ ರಿಂಗ್ ರೋಡೇ ಗತಿ ಅನ್ನುವವರಿಗೆ ಟಾರ್ಕ್ ಕನ್ವರ್ಟರ್ ವಾಸಿ. ಅಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯೇ ಕೊಂಡಿ, ತೆವಳಿದರೆ ಸವೆಯೋ ವಸ್ತು ಕಮ್ಮಿ. ಅದು ಮಂದ ಅನ್ನೋ ಮಾತೂ ಹಳತಾಯಿತು. ಬಿಎಂಡಬ್ಲ್ಯು ತನ್ನ ಎಂ ಕಾರುಗಳಲ್ಲೇ ಡ್ಯುಯಲ್ ಕ್ಲಚ್ ಬಿಟ್ಟು ಎಂಟು ಗೇರಿನ ಟಾರ್ಕ್ ಕನ್ವರ್ಟರ್ ಹಿಡಿದಿದೆ.

ಇನ್ನೊಂದು, ಪ್ಯಾಡಲ್ ಇದೆ ಅಂದಮಾತ್ರಕ್ಕೆ ಅದು ಪರ್ಫಾರ್ಮೆನ್ಸ್ ಕಾರಲ್ಲ. 2022ರಿಂದ ಮಾರುತಿಯ ಬ್ರೆಝಾ, ಎರ್ಟಿಗಾಗಳಲ್ಲೂ ಪ್ಯಾಡಲ್ ಇದೆ. ಹಲ್ಲಿನ ಗೇರಿನ ಬದಲು ಬೆಲ್ಟಿನ ಮೇಲೆ ನಡೆಯೋ ಸಿವಿಟಿ ಆಟೊಮ್ಯಾಟಿಕ್ ಕಾರಿನಲ್ಲಿ ಪ್ಯಾಡಲ್ ಎಳೆದರೆ ಬದಲಾಗೋದು ಗೇರಲ್ಲ, ಬೆಲ್ಟು ಕಂಪ್ಯೂಟರ್ ಹೇಳಿದ ಜಾಗದಲ್ಲಿ ನಿಲ್ಲುತ್ತದೆ ಅಷ್ಟೇ. ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಅದೇ ಪ್ಯಾಡಲ್ ಇರೋದು ರೀಜನ್ ಬ್ರೇಕಿಂಗ್, ಅಂದರೆ ನಿಧಾನವಾಗುತ್ತ ಬ್ಯಾಟರಿ ತುಂಬಿಕೊಳ್ಳೋದನ್ನು, ಹೆಚ್ಚು ಕಮ್ಮಿ ಮಾಡೋಕೆ. ಹ್ಯುಂಡೈ ಅಯಾನಿಕ್ 5 ಎನ್ ಅಂತೂ ಇಲ್ಲದ ಎಂಟು ಗೇರುಗಳನ್ನು ಇದೆ ಅನ್ನಿಸೋ ಹಾಗೆ ಜರ್ಕ್ ಸಮೇತ ನಟಿಸುತ್ತದೆ. ಪೀಣ್ಯದಲ್ಲಿ ನಾವು ಇದಕ್ಕೆ ನಗಬೇಕೋ, ಅಳಬೇಕೋ?

ಪ್ಯಾಡಲ್ ಎಲ್ಲಿ ಕೂರಿಸಿದ್ದಾರೆ ಅನ್ನೋದನ್ನೂ ನೋಡಬೇಕು. ಫೆರಾರಿ, ಲ್ಯಾಂಬೊರ್ಗಿನಿಗಳಲ್ಲಿ ಅದು ಸ್ಟೇರಿಂಗ್ ಕಾಲಮ್ಮಿಗೆ ಅಂಟಿಕೊಂಡು ಅಲುಗಾಡದೆ ನಿಂತಿರುತ್ತದೆ. ನಮ್ಮ ಕೈಗೆಟುಕೋ ಕಾರುಗಳಲ್ಲಿ ಸ್ಟೇರಿಂಗ್ ಜೊತೆಗೇ ತಿರುಗುತ್ತದೆ. ಹೇರ್‌ಪಿನ್ನಿನಲ್ಲಿ ಸ್ಟೇರಿಂಗ್ ಅರ್ಧ ಸುತ್ತು ದಾಟಿದ ಮೇಲೆ ಎಡದ್ದು ಬಲಕ್ಕೆ ಬಂದಿರುತ್ತದೆ, ಕೈ ಒಂದರ ಮೇಲೊಂದು. ಆಗ ಗೇರ್ ಹುಡುಕಿದರೆ ಏರಿಸೋ ಬದಲು ಇಳಿಸೋದು ಖಚಿತ.

ಇಷ್ಟೆಲ್ಲ ಹೇಳಿ ಹುಡುಗನನ್ನು ಮ್ಯಾನ್ಯುವಲ್ ಕಡೆ ಒಲಿಸಿದ್ದೆ. ರಾತ್ರಿ ಅಕ್ಕನ ಫೋನು.

"ಏನೋ ತಲೆ ಕೆಡಿಸಿದೀಯ ಅವ್ನಿಗೆ? ಕ್ಲಚ್ ಗಾಡಿ ತಂದ್ರೆ ನಾನು ಮಲ್ಲೇಶ್ವರಕ್ಕೆ ಹೆಂಗೋ ಹೋಗ್ಲಿ?"

ಅಕ್ಕ ಕಾರು ಕಲಿತದ್ದೇ ಕ್ಲಚ್ ಪೆಡಲ್ ಇಲ್ಲದ ಎಎಂಟಿ ವ್ಯಾಗನ್ ಆರ್‌ನಲ್ಲಿ. ಈಗ ಅದನ್ನು ಮಾರಿ, ಅದರ ದುಡ್ಡನ್ನೂ ಈ ಕಾರಿಗೇ ಹಾಕೋ ಯೋಚನೆ. ಅರ್ಧ ದುಡ್ಡು ಹಾಕೋರು ಓಡಿಸೋಕಾಗದ ಕಾರು ಯಾವ ಪರ್ಫಾರ್ಮೆನ್ಸು? ಸೆನ್ನಾ, ಪೋರ್ಷೆ ಎಲ್ಲ ಆ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ. ಡಿಎಸ್‌ಜಿ ಅಂತ ಆಯಿತು. ನನ್ನ ಅಭಿಪ್ರಾಯ ಬದಲಾಗಿಲ್ಲ. ಅವನೊಬ್ಬನದೇ ಕಾರಾಗಿದ್ದರೆ ಈಗಲೂ ಮ್ಯಾನ್ಯುವಲ್ಲೇ ಅನ್ನುತ್ತಿದ್ದೆ.

ತಗೊಳ್ಳೋ ಮುಂಚೆ ನೋಡೋಕೆ ಹೇಳಿದ್ದು ಇಷ್ಟು. ಗಾಡಿ ಬಿಸಿಯಾದ ಮೇಲೆ, ನಡೆಯೋ ವೇಗದಲ್ಲಿ, ಒಂದರಿಂದ ಎರಡಕ್ಕೆ ಹೋಗುವಾಗ ನಡುಗುತ್ತದಾ? ನಡುಗಿದರೆ ಕ್ಲಚ್ ಸವೆದಿರೋ ಲಕ್ಷಣ, ಆ ಗಾಡಿ ಬಿಟ್ಟು ಮುಂದಕ್ಕೆ ಹೋಗು. ಜಾಮಿನಲ್ಲಿ ಬ್ರೇಕ್ ಅರೆಬರೆ ಬಿಟ್ಟು ತೆವಳಬೇಡ. ಮುಂದೆ ಒಂದು ಕಾರಿನಷ್ಟು ಜಾಗ ಆಗೋ ತನಕ ಬ್ರೇಕ್ ಗಟ್ಟಿಯಾಗಿ ತುಳಿದಿರು, ಆಗ ಕ್ಲಚ್ ಬಿಟ್ಟುಕೊಂಡಿರುತ್ತದೆ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ. ಹೆಬ್ಬಾಳದ ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರನ್ನು ತಡೆದು ನಿಲ್ಲಿಸಬೇಡ. ಘಾಟಿ ಇಳಿಯುವಾಗ ಲಿವರನ್ನು ಡಿ, ಅಂದರೆ ಡ್ರೈವ್‌ನಲ್ಲಿ ಬಿಟ್ಟರೆ ಅದು ಮೈಲೇಜಿಗೆ ಅಂತ ಐದು ಆರಕ್ಕೆ ಏರಿ ಕೂರುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ. ಲಿವರನ್ನು ಮ್ಯಾನ್ಯುವಲ್ ಮೋಡಿಗೆ ತಂದು ಪ್ಯಾಡಲ್‌ನಿಂದ ಎರಡಕ್ಕೋ ಮೂರಕ್ಕೋ ಇಳಿಸಿಕೋ, ಅದೂ ಸ್ಟೇರಿಂಗ್ ತಿರುಗಿಸೋ ಮುಂಚೆ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ಬ್ರೇಕ್ ಫ್ಲೂಯಿಡ್ ಕೊನೆಗೆ ಯಾವಾಗ ಬದಲಿಸಿದ್ದು ಅಂತ ಸರ್ವೀಸ್ ಪುಸ್ತಕ ನೋಡು. ಎರಡು ವರ್ಷ ದಾಟಿದ್ದರೆ ಚಿಕ್ಕಮಗಳೂರಿಗೆ ಹೊರಡೋ ಮೊದಲೇ ಹೊಸದು ಹಾಕಿಸು.